ಹಡಗು ಗುದ್ದಿದರೆ ಗಾಳಿಯಂತ್ರ ತಾಳೀತೇ? ಸಮುದ್ರದ ಲೆಕ್ಕ, ಜತ್ತ ತಾಲ್ಲೂಕಿನ ಪ್ರಶ್ನೆ



ಈ ಸಲದ ಪ್ರಚಲಿತ ವಿಷಯಕ್ಕೆ ನಾವು ಸಮುದ್ರದ ಸಂಗತಿಯೊಂದನ್ನು ಎತ್ತಿಕೊಂಡಿದ್ದೇವೆ. ಜತ್ತ ತಾಲ್ಲೂಕಿನವರಿಗೆ ಸಮುದ್ರದ ಉಸಾಬರಿ ಯಾಕೆ ಎಂದು ಕೆಲವರು ಕೇಳಬಹುದು. ನಮ್ಮಿಂದ ರತ್ನಾಗಿರಿಯ ದಂಡೆ ನೇರ ಅಳತೆಯಲ್ಲೇ ಸುಮಾರು 200 ಕಿ.ಮೀ. ದೂರ. ಬೇಸಿಗೆ ಬಂದರೆ ಟ್ಯಾಂಕರ್ ನೀರಿಗೆ ಕಾಯುವ ಊರುಗಳು ನಮ್ಮವು. ಆದರೆ ನೀರಿಗೆ ಬರವಿದ್ದರೂ ಈ ಸೀಮೆಯಲ್ಲಿ ಗಾಳಿಗೆ ಬರವಿಲ್ಲ. ಜತ್ತದಲ್ಲೂ ಪಕ್ಕದ ಕವಠೆಮಹಾಂಕಾಳ ತಾಲ್ಲೂಕಿನ ಢಾಲಗಾಂವದ ಕಡೆಯಲ್ಲೂ ಗುಡ್ಡಗಳ ಮೇಲೆ ಸಾಲಾಗಿ ನಿಂತ ಪವನಚಕ್ಕಿಗಳು ನಮಗೆ ಹೊಸವಲ್ಲ. ಆ ಯಂತ್ರಗಳ ದೊಡ್ಡಣ್ಣಂದಿರನ್ನು ಈಗ ನಮ್ಮ ದೇಶ ಸಮುದ್ರದಲ್ಲಿ ನಿಲ್ಲಿಸಲು ಹೊರಟಿದೆ. ಅಲ್ಲಿ ಹುಟ್ಟುವ ಮೊದಲ ಪ್ರಶ್ನೆ, ದಾರಿ ತಪ್ಪಿದ ಹಡಗು ಬಂದು ಗುದ್ದಿದರೆ ಏನು ಗತಿ ಎಂಬುದು. ಅದಕ್ಕೆ ಉತ್ತರ ಹುಡುಕುವ ಲೆಕ್ಕದ ಕ್ರಮ ನಮ್ಮ ಗುಡ್ಡದ ಯಂತ್ರಗಳಿಗೂ ಬೇಕಾದದ್ದು ಎಂಬುದು ನಮ್ಮ ಅಭಿಪ್ರಾಯ. ಅದಕ್ಕಾಗಿಯೇ ಈ ಬರಹ.

ಯೋಜನೆ ಎಲ್ಲಿಗೆ ಬಂದಿದೆ?

ಸಮುದ್ರದಲ್ಲಿ ಗಾಳಿಯಂತ್ರ ನೆಡುವ ಕೆಲಸ ಜಗತ್ತಿನಲ್ಲಿ ಮೊದಲು ನಡೆದದ್ದು 1991ರಲ್ಲಿ, ಡೆನ್ಮಾರ್ಕಿನ ವಿಂಡೆಬಿ ಎಂಬಲ್ಲಿ. ಅಲ್ಲಿದ್ದದ್ದು ಬರೀ 11 ಯಂತ್ರ. ಇಂದು ಬ್ರಿಟನ್, ಜರ್ಮನಿ, ನೆದರ್ಲೆಂಡ್ಸ್, ಚೀನಾ ದೇಶಗಳ ಸಮುದ್ರಗಳಲ್ಲಿ ಸಾವಿರಾರು ಯಂತ್ರಗಳು ತಿರುಗುತ್ತಿವೆ.

ನಮ್ಮ ಕೇಂದ್ರ ಸರ್ಕಾರ ಇದಕ್ಕೆ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿದ್ದು 2015ರಲ್ಲಿ. 2024ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 7,453 ಕೋಟಿ ರೂಪಾಯಿಯ ನೆರವಿನ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುಜರಾತಿನ ಕಡಲಲ್ಲಿ 500 ಮೆಗಾವ್ಯಾಟ್, ತಮಿಳುನಾಡಿನ ಕಡಲಲ್ಲಿ 500 ಮೆಗಾವ್ಯಾಟ್. ಎರಡು ಬಂದರುಗಳನ್ನು ಈ ಕೆಲಸಕ್ಕೆ ಸಜ್ಜುಗೊಳಿಸಲು ಅದರಲ್ಲೇ 600 ಕೋಟಿ. ಇಷ್ಟಾದರೂ ನಾವು ಇದನ್ನು ಬರೆಯುವ ಹೊತ್ತಿಗೆ ನಮ್ಮ ದೇಶದ ಸಮುದ್ರದಲ್ಲಿ ಇಂಥ ಒಂದು ವಿದ್ಯುತ್ ಕೇಂದ್ರವೂ ತಲೆ ಎತ್ತಿಲ್ಲ. ಅಂದರೆ ಕಾಗದದ ಕೆಲಸ ನಡೆದಿರುವ ಕಾಲ ಇದು. ಪ್ರಶ್ನೆ ಕೇಳಲು ತಕ್ಕ ಸಮಯ ಇದೇ. ಕಂಬ ನಿಂತ ಮೇಲೆ ಕೇಳಿದರೆ ಷರಾ ಬರೆಯಲು ಕಡತದಲ್ಲಿ ಜಾಗ ಉಳಿದಿರುವುದಿಲ್ಲ.

ಗುಜರಾತಿನಲ್ಲಿ ಮೊದಲಿನಿಂದಲೂ ಪರಿಶೀಲನೆಯಲ್ಲಿರುವುದು ಖಂಭಾತ್ ಕೊಲ್ಲಿಯ ಬಾಯಿಯ ಹತ್ತಿರ, ಪೀಪಾವಾವ್ ಬಂದರಿನ ಆಚೆಯ ಸಮುದ್ರ. ಪೀಪಾವಾವ್ ದೊಡ್ಡ ಕಂಟೇನರ್ ಬಂದರು. ಅದೇ ಕೊಲ್ಲಿಯೊಳಗೆ ದಹೇಜ್, ಹಜೀರಾ ಬಂದರುಗಳಿವೆ. ಹಳೆಯ ಹಡಗುಗಳನ್ನು ಒಡೆಯುವ ಅಲಂಗ್ ಕೂಡ ಅಲ್ಲೇ. ಎಂದ ಮೇಲೆ ಹಡಗುಗಳ ಓಡಾಟ ತಪ್ಪಿದ್ದಲ್ಲ. ತಮಿಳುನಾಡಿನಲ್ಲಿ ಆರಿಸಿರುವುದು ಮನ್ನಾರ್ ಕೊಲ್ಲಿಯ ಕಡೆಯ ಸಮುದ್ರ. ಅಲ್ಲಿ ತೂತ್ತುಕುಡಿ ಬಂದರು ಇದೆ, ಮೀನುಗಾರರ ದೋಣಿಗಳೂ ಇವೆ.

ಇದು ಬರೀ ಊಹೆಯ ಮಾತೇ?

ಅಲ್ಲ. ಯುರೋಪಿನ ಉತ್ತರ ಸಮುದ್ರದಲ್ಲಿ ನಡೆದ ಎರಡು ಘಟನೆಗಳನ್ನು ಹೇಳುತ್ತೇವೆ.

2022ರ ಜನವರಿ 31. ನೆದರ್ಲೆಂಡ್ಸ್ ದಂಡೆಯಾಚೆ ಬಿರುಗಾಳಿ ಎದ್ದಿತ್ತು. ಲಂಗರು ಹಾಕಿ ನಿಂತಿದ್ದ 'ಜೂಲಿಯೆಟಾ ಡಿ' ಎಂಬ ಸರಕಿನ ಹಡಗಿನ ಲಂಗರು ಹಿಡಿತ ಬಿಟ್ಟಿತು. ಹಡಗು ತೇಲಿಹೋಗಿ ಮೊದಲು ಹತ್ತಿರದ ತೈಲ ಹಡಗೊಂದಕ್ಕೆ ಬಡಿಯಿತು. ಒಳಗೆ ನೀರು ನುಗ್ಗಿದ್ದರಿಂದ ಅದರಲ್ಲಿದ್ದ 18 ಜನರನ್ನೂ ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡರು. ಆಮೇಲೆ ಒಳಗೆ ಒಬ್ಬರೂ ಇಲ್ಲದ ಆ ಹಡಗು ತೇಲುತ್ತ ಹೋಗಿ, ಆಗಷ್ಟೇ ಕಟ್ಟುತ್ತಿದ್ದ ಗಾಳಿ ವಿದ್ಯುತ್ ಕೇಂದ್ರದೊಳಗೆ ನುಗ್ಗಿ, ಅಲ್ಲಿನ ಟ್ರಾನ್ಸ್‌ಫಾರ್ಮರ್ ಕಟ್ಟೆಯ ಬುನಾದಿಗೆ ಗುದ್ದಿತು. ಕೊನೆಗೆ ಟಗ್ ದೋಣಿಗಳು ಅದಕ್ಕೆ ಹಗ್ಗ ಬಿಗಿದು ರಾಟರ್‌ಡ್ಯಾಮಿಗೆ ಎಳೆದೊಯ್ದವು.

2023ರ ಏಪ್ರಿಲ್ 24. ಪೋಲೆಂಡಿನಿಂದ ಬೆಲ್ಜಿಯಂನ ಆಂಟ್‌ವರ್ಪಿಗೆ ಧಾನ್ಯ ಹೊತ್ತು ಹೊರಟಿದ್ದ 'ಪೆಟ್ರಾ ಎಲ್' ಎಂಬ ಸಣ್ಣ ಹಡಗು ಜರ್ಮನಿಯ 'ಗೋಡೆ ವಿಂಡ್' ಕೇಂದ್ರದ ಒಂದು ಗಾಳಿಯಂತ್ರಕ್ಕೆ ಗುದ್ದಿತು. ಹಡಗಿನ ಮುಂಭಾಗದಲ್ಲಿ ದೊಡ್ಡ ತೂತು ಬಿದ್ದರೂ ಅದು ತನ್ನ ಬಲದಿಂದಲೇ ಎಂಡೆನ್ ಬಂದರು ಸೇರಿತು.

ಎರಡರಲ್ಲೂ ಜೀವಹಾನಿ ಆಗಲಿಲ್ಲ. ಆದರೆ ಎರಡಕ್ಕೂ ಇರುವ ಭೇದವನ್ನು ಗಮನಿಸಬೇಕು. ಮೊದಲನೆಯದು ಕೈಕಾಲು ಬಿಟ್ಟು ತೇಲಿಬಂದ ಹಡಗು. ಎರಡನೆಯದು ಪ್ರಯಾಣದಲ್ಲಿದ್ದ ಹಡಗು. ಹೋಗಬಾರದ ಕಡೆ ಹೋಯಿತು. ಅಪಾಯ ಎಣಿಸುವವರು ಈ ಎರಡನ್ನೂ ಬೇರೆ ಬೇರೆ ಖಾತೆಯಲ್ಲಿ ಬರೆಯುತ್ತಾರೆ. ತೇಲಿಬರುವ ಹಡಗಿಗೆ ಗಾಳಿ ಮತ್ತು ಪ್ರವಾಹ ಕಾರಣ. ಅದು ನಿಧಾನ, ಆದರೆ ಅಡ್ಡಡ್ಡ ಬಂದು ಇಡೀ ಮಗ್ಗುಲಿಂದ ಬಡಿಯುತ್ತದೆ. ಎಂಜಿನ್ ನಡೆಯುತ್ತಿರುವ ಹಡಗಿನಲ್ಲಿ ಹೆಚ್ಚಾಗಿ ಮನುಷ್ಯನ ನಿದ್ದೆ, ಮೈಮರೆವು ಅಥವಾ ತಪ್ಪು ದಿಕ್ಕು ಕಾರಣ. ಅದು ನೇರ ಮೂತಿಯಿಂದ, ವೇಗವಾಗಿ ಬಂದು ಗುದ್ದುತ್ತದೆ.

ನಮ್ಮದೇ ಸಮುದ್ರದ ಎರಡು ಪಾಠ

ಯುರೋಪ್ ಯಾಕೆ, ನಮ್ಮ ಮಹಾರಾಷ್ಟ್ರದ ಕಡಲಲ್ಲೇ ಕಣ್ಣು ತೆರೆಸುವ ಘಟನೆಗಳು ನಡೆದಿವೆ. ಅವು ಗಾಳಿಯಂತ್ರದವಲ್ಲ, ತೈಲ ಬಾವಿಗಳ ಕಟ್ಟೆಗಳವು. ಆದರೆ ಸಮುದ್ರದಲ್ಲಿ ಕಾಲೂರಿ ನಿಂತ ಉಕ್ಕಿನ ಕಟ್ಟಡಕ್ಕೆ ಹಡಗು ಬಡಿಯುವುದು ಎರಡರಲ್ಲೂ ಒಂದೇ.

2005ರ ಜುಲೈ 27. ಸಾಂಗಲಿಗೆ ಕೃಷ್ಣೆಯ ಮಹಾಪೂರ ನುಗ್ಗಿದ್ದು ಅದೇ ಮಳೆಗಾಲದಲ್ಲಿ, ಹಿರಿಯ ಸದಸ್ಯರಿಗೆ ನೆನಪಿದ್ದೀತು. ಮುಂಬಯಿ ಹೈ ತೈಲ ಕ್ಷೇತ್ರದಲ್ಲಿ ಕೆಲಸಕ್ಕಿದ್ದ 'ಸಮುದ್ರ ಸುರಕ್ಷಾ' ಎಂಬ ಸಹಾಯಕ ಹಡಗಿನ ಅಡುಗೆಯವರೊಬ್ಬರ ಕೈಗೆ ಗಾಯವಾಗಿತ್ತು. ಹವೆ ಕೆಟ್ಟಿದ್ದರಿಂದ ಹೆಲಿಕಾಪ್ಟರ್ ಸಿಗಲಿಲ್ಲ. ಅವರನ್ನು ಕಟ್ಟೆಗೆ ದಾಟಿಸಲು ಹಡಗು ಹತ್ತಿರ ಬಂದಾಗ ಅಲೆಯ ಹೊಡೆತಕ್ಕೆ ಸಿಕ್ಕು ಕಟ್ಟೆಯ ಅನಿಲದ ಕೊಳವೆಗೆ ಬಡಿಯಿತು. ಅನಿಲ ಹೊತ್ತಿಕೊಂಡಿತು. ಸುಮಾರು ಎರಡು ತಾಸಿನಲ್ಲಿ ಕಟ್ಟೆ ಸುಟ್ಟು ನೀರು ಪಾಲಾಯಿತು. 360ಕ್ಕೂ ಹೆಚ್ಚು ಜನರನ್ನು ಉಳಿಸಿದರು. 22 ಜನ ತೀರಿಕೊಂಡರು ಅಥವಾ ಕಾಣೆಯಾದರು.

ಗುದ್ದಿದ ಹಡಗು ದಾರಿಹೋಕ ಹಡಗಲ್ಲ, ಅಲ್ಲಿಯದೇ ಕೆಲಸದ ಹಡಗು. ಗಾಳಿಯಂತ್ರಗಳ ವಿಷಯದಲ್ಲೂ ಇದೇ ಮಾತು. ದುರಸ್ತಿಗೆ ಆಳುಗಳನ್ನು ಕರೆತರುವ ದೋಣಿ ವರ್ಷವಿಡೀ ಯಂತ್ರದ ಬುಡಕ್ಕೇ ಬರುತ್ತಿರುತ್ತದೆ. 2020ರಲ್ಲಿ ಜರ್ಮನಿಯ ಕಡಲಲ್ಲಿ ಅಂಥ ಒಂದು ಕೆಲಸದ ದೋಣಿ ಗಾಳಿಯಂತ್ರಕ್ಕೆ ಬಡಿದು ಅದರಲ್ಲಿದ್ದವರಿಗೆ ಪೆಟ್ಟಾಯಿತು. ದೊಡ್ಡ ಹಡಗಿನ ಭಯದಲ್ಲಿ ದಿನದ ದೋಣಿಯನ್ನು ಮರೆತರೆ ಲೆಕ್ಕ ಅರ್ಧ.

ಎರಡನೆಯದು 2021ರ ಮೇ 17ರ ತೌಕ್ತೆ ಚಂಡಮಾರುತ. ತೈಲ ಕ್ಷೇತ್ರದ ಕೆಲಸಗಾರರು ಉಳಿದುಕೊಂಡಿದ್ದ ಪಿ-305 ಎಂಬ ಬಾರ್ಜಿನ ಲಂಗರುಗಳು ಕಿತ್ತವು. 261 ಜನರಿದ್ದ ಬಾರ್ಜು ತೇಲಿಹೋಗಿ, ಜನರಿಲ್ಲದ ಒಂದು ತೈಲ ಕಟ್ಟೆಗೆ ಬಡಿದು, ತೂತು ಬಿದ್ದು ಮುಳುಗಿತು. 70ಕ್ಕೂ ಹೆಚ್ಚು ಜನ ಸತ್ತರು. ಅವರು ಸಮುದ್ರದವರೇ ಎಂದೇನಿಲ್ಲ. ವೆಲ್ಡಿಂಗ್, ಫಿಟ್ಟಿಂಗ್, ಅಡುಗೆ ಕೆಲಸಕ್ಕೆ ಒಳನಾಡಿನಿಂದ ಹೋದ ಹುಡುಗರು ಅಲ್ಲಿದ್ದರು.

ಅದೇ ತೌಕ್ತೆ ದಡ ಹತ್ತಿದ್ದು ಎಲ್ಲಿ? ಗುಜರಾತಿನ ದೀವ್–ಉನಾ ಹತ್ತಿರ. ನಕ್ಷೆ ತೆಗೆದು ನೋಡಿ, ಪೀಪಾವಾವ್ ಅದರ ಪೂರ್ವಕ್ಕೆ ಅದೇ ದಂಡೆಯಲ್ಲಿದೆ. ಹಡಗಿನ ಓಡಾಟ ಮತ್ತು ಚಂಡಮಾರುತ ಎರಡೂ ಕೂಡುವ ಜಾಗದಲ್ಲಿ ನಾವು ಯಂತ್ರ ನಿಲ್ಲಿಸಲು ಹೊರಟಿದ್ದೇವೆ. ಉತ್ತರ ಸಮುದ್ರದ ಲೆಕ್ಕವನ್ನು ಹಾಗೇ ನಕಲು ಮಾಡಿದರೆ ನಮಗೆ ಸಾಲದು ಎಂದು ನಾವು ಹೇಳುವುದು ಇದಕ್ಕೇ.

ಅಪಾಯವನ್ನು ಎಣಿಸುವುದು ಹೇಗೆ?

ಗಣಿತ ಎಂದು ಹೆದರಬೇಡಿ. ಬ್ಯಾಂಕಿನ ಬಡ್ಡಿ ಲೆಕ್ಕದಷ್ಟೂ ಇದು ಕಷ್ಟವಲ್ಲ. ನಾಲ್ಕು ಪ್ರಶ್ನೆಗಳಿವೆ.

ಒಂದು, ವರ್ಷಕ್ಕೆ ಎಷ್ಟು ಹಡಗು ಆ ದಾರಿಯಲ್ಲಿ ಹೋಗುತ್ತವೆ? ಎಷ್ಟು ದೊಡ್ಡವು? ಇದು ಈಗ ಸುಲಭ, ಯಾಕೆಂದರೆ ದೊಡ್ಡ ಹಡಗುಗಳೆಲ್ಲ ತಾವಿರುವ ಜಾಗವನ್ನು ರೇಡಿಯೋ ಮೂಲಕ ಸಾರುತ್ತಲೇ ಇರಬೇಕೆಂಬ ನಿಯಮವಿದೆ. ಎರಡು, ಅವುಗಳಲ್ಲಿ ಎಷ್ಟು ಹಡಗು ಎಂಜಿನ್ ಕೆಟ್ಟು ಅಥವಾ ನಡೆಸುವವರ ತಪ್ಪಿನಿಂದ ದಾರಿ ಬಿಡಬಹುದು? ಮೂರು, ದಾರಿ ಬಿಟ್ಟದ್ದು ಯಂತ್ರದ ಕಡೆಗೇ ಬರುವ ಸಂಭವ ಎಷ್ಟು? ಇದು ದೂರ, ಗಾಳಿ, ಪ್ರವಾಹಗಳ ಮೇಲೆ ನಿಂತಿದೆ. ನಾಲ್ಕು, ಬಂದು ಗುದ್ದಿದರೆ ಕಂಬ ತಾಳುತ್ತದೆಯೋ, ಬಾಗುತ್ತದೆಯೋ, ಬೀಳುತ್ತದೆಯೋ? ಈ ನಾಲ್ಕನ್ನೂ ಗುಣಿಸಿದರೆ ವರ್ಷಕ್ಕೆ ಇಷ್ಟು ಸಂಭವ ಎಂಬ ಅಂಕಿ ಬರುತ್ತದೆ. ಸೇತುವೆಗಳಿಗೂ ಸಮುದ್ರದ ಕಟ್ಟೆಗಳಿಗೂ ಲೆಕ್ಕದ ಮೂಲ ಇದೇ.

ಇಲ್ಲಿ ಓದುವವರನ್ನು ದಾರಿ ತಪ್ಪಿಸುವ ಒಂದು ಜಾಗವಿದೆ. ಒಂದು ಯಂತ್ರಕ್ಕೆ ಅಪಾಯ '10,000 ವರ್ಷಕ್ಕೊಮ್ಮೆ' ಎಂದು ವರದಿಯಲ್ಲಿ ಬರೆದಿದೆ ಎನ್ನೋಣ. ಇದು ನಾವು ಉದಾಹರಣೆಗೆ ಇಟ್ಟುಕೊಂಡ ಅಂಕಿ. ಓದಿದವರಿಗೆ ಸಮಾಧಾನವಾಗುತ್ತದೆ. ಆದರೆ 500 ಮೆಗಾವ್ಯಾಟ್ ಕೇಂದ್ರದಲ್ಲಿ ಒಂದೇ ಯಂತ್ರ ಇರುವುದಿಲ್ಲ. 8 ಮೆಗಾವ್ಯಾಟಿನ ಯಂತ್ರಗಳಾದರೆ 63 ಬೇಕು. ಅವು 25 ವರ್ಷ ನಿಲ್ಲುತ್ತವೆ. 63ನ್ನು 25ರಿಂದ ಗುಣಿಸಿ 10,000ದಿಂದ ಭಾಗಿಸಿ: ಕೇಂದ್ರದ ಆಯುಷ್ಯದಲ್ಲಿ ಎಲ್ಲೋ ಒಂದು ಯಂತ್ರಕ್ಕೆ ಗುದ್ದುವ ಸಂಭವ ನೂರಕ್ಕೆ ಸುಮಾರು 15 ಆಯಿತು. ಎರಡೂ ಅಂಕಿ ಸರಿಯೇ. ಯಾವುದನ್ನು ವರದಿಯ ಮೊದಲ ಪುಟದಲ್ಲಿ ಹಾಕುತ್ತಾರೆ ಎಂಬುದರ ಮೇಲೆ ಓದುವವರ ಧೈರ್ಯ ನಿಂತಿರುತ್ತದೆ. ಆದ್ದರಿಂದ ಇಂಥ ಅಂಕಿ ಕಂಡಾಗ ಕೇಳಬೇಕಾದ ಮೊದಲ ಮಾತು: ಇದು ಒಂದು ಯಂತ್ರಕ್ಕೋ, ಇಡೀ ಕೇಂದ್ರಕ್ಕೋ? ಒಂದು ವರ್ಷಕ್ಕೋ, ಪೂರ್ತಿ ಆಯುಷ್ಯಕ್ಕೋ?

'ಇಷ್ಟು ವರ್ಷಕ್ಕೊಮ್ಮೆ' ಎಂದರೆ ಅಷ್ಟು ವರ್ಷ ನಿಶ್ಚಿಂತೆ ಎಂದೂ ಅಲ್ಲ. ಕೃಷ್ಣೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2005ರ ಮಹಾಪೂರ ಬದುಕಿನಲ್ಲಿ ಒಮ್ಮೆ ಕಾಣುವಂಥದು ಎಂದುಕೊಂಡವರು 2019ರಲ್ಲೂ 2021ರಲ್ಲೂ ಮತ್ತೆ ಗಂಟುಮೂಟೆ ಕಟ್ಟಿದರು.

ತೂಕ, ವೇಗ ಮತ್ತು ಕಬ್ಬಿನ ಲಾರಿ

ನಾಲ್ಕನೆಯ ಪ್ರಶ್ನೆಗೆ ಬರೋಣ. ಹೊಡೆತದ ಬಲ ತಿಳಿಯಲು ಶಾಲೆಯಲ್ಲಿ ಕಲಿತ ಸೂತ್ರವೇ ಸಾಕು: ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸುವುದು.

ಕಬ್ಬು ತುಂಬಿದ 25 ಟನ್ನಿನ ಲಾರಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎನ್ನಿ. ಅದರ ಚಲನೆಯ ಶಕ್ತಿ ಸುಮಾರು ಮೂರೂವರೆ ಮೆಗಾಜೂಲ್. ಈಗ 5,000 ಟನ್ನಿನ ಸಣ್ಣ ಹಡಗೊಂದು ಎಂಜಿನ್ ನಿಂತು, ಸೆಕೆಂಡಿಗೆ 2 ಮೀಟರ್, ಅಂದರೆ ನಾವು ಬಸ್ ತಪ್ಪೀತೆಂದು ಬಿರಬಿರನೆ ನಡೆಯುವಷ್ಟು ವೇಗದಲ್ಲಿ ತೇಲಿಬರುತ್ತಿದೆ. ಅದರ ಶಕ್ತಿ 10 ಮೆಗಾಜೂಲ್, ಮೂರು ಲಾರಿಯಷ್ಟು. ಹಡಗಿನ ಜತೆ ಅದರ ಸುತ್ತಲಿನ ನೀರೂ ಚಲಿಸುವುದರಿಂದ, ಅಡ್ಡಡ್ಡ ತೇಲುವ ಹಡಗಿಗೆ ಎಂಜಿನಿಯರುಗಳು ಇನ್ನೂ ಶೇ 40ರಷ್ಟು ಸೇರಿಸುವ ರೂಢಿಯಿದೆ. ಆಗ ನಾಲ್ಕು ಲಾರಿ. ಅದೇ ನಡಿಗೆಯ ವೇಗದಲ್ಲಿ ಒಂದು ಲಕ್ಷ ಟನ್ನಿನ ಹಡಗು ಬಂದರೆ ಎಂಬತ್ತು ಲಾರಿ ಒಟ್ಟಿಗೆ ಬಂದು ಒಂದೇ ಕಂಬಕ್ಕೆ ಗುದ್ದಿದ ಹಾಗೆ.

ಇನ್ನು ವೇಗ. ಅದೇ 5,000 ಟನ್ನಿನ ಹಡಗು ಎಂಜಿನ್ ಚಾಲೂ ಇದ್ದು ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬಂದರೆ 90 ಮೆಗಾಜೂಲ್. ವೇಗ ಮೂರು ಪಟ್ಟು, ಹೊಡೆತ ಒಂಬತ್ತು ಪಟ್ಟು. ಕೇಂದ್ರದ ಸುತ್ತ ಹಡಗುಗಳ ವೇಗಕ್ಕೆ ಮಿತಿ ಬೇಕೆಂದು ಹೇಳುವುದರ ಹಿಂದೆ ಈ ವರ್ಗದ ಲೆಕ್ಕವಿದೆ.

ಈ ಶಕ್ತಿಯೆಲ್ಲ ಎಲ್ಲಿಗೋ ಹೋಗಲೇಬೇಕು. ಒಂದಿಷ್ಟು ಹಡಗಿನ ತಗಡು ಮುದ್ದೆಯಾಗಲು, ಒಂದಿಷ್ಟು ಕಂಬ ಬಾಗಲು, ಇನ್ನಷ್ಟು ಬುನಾದಿಯ ಸುತ್ತಲಿನ ಮಣ್ಣು ಸರಿಯಲು ಖರ್ಚಾಗುತ್ತದೆ. ಆಳ ಕಡಿಮೆ ಇರುವಲ್ಲಿ ಸಾಮಾನ್ಯವಾಗಿ ಉಕ್ಕಿನ ಒಂದೇ ದಪ್ಪ ಕೊಳವೆಯನ್ನು ಸಮುದ್ರದ ತಳಕ್ಕೆ ಬಡಿದು ಅದರ ಮೇಲೆ ಯಂತ್ರ ಕೂರಿಸುತ್ತಾರೆ. ಆಳ ಹೆಚ್ಚಾದರೆ ನಾಲ್ಕು ಕಾಲಿನ ಹಂದರ, ಅಂದರೆ ನಮ್ಮ ಹೈಟೆನ್ಷನ್ ಟವರಿನಂಥ ಬುನಾದಿ. ಕೊಳವೆ ಹೊಡೆತಕ್ಕೆ ತಗ್ಗು ಬಿದ್ದು ಬಾಗುತ್ತದೆ. ಹಂದರದಲ್ಲಿ ಒಂದು ಕಾಲು ಮುರಿದರೆ ಉಳಿದ ಮೂರು ಭಾರ ಹೊರಬೇಕು. ನೀರಿನೊಳಗೆ ಓರೆಯಾಗಿ ಚಾಚಿದ ಉಕ್ಕಿನ ತೋಳುಗಳಿದ್ದರೆ ಅವು ಹಡಗಿನ ಹೊಟ್ಟೆ ಸೀಳುವ ಭಯವೂ ಇದೆ.

ಇಲ್ಲಿ ವಿಚಾರ ಮಾಡಬೇಕಾದ ಸೂಕ್ಷ್ಮವೊಂದಿದೆ. ಗಟ್ಟಿ ಕಂಬ ಕಟ್ಟಿದಷ್ಟೂ ಒಳ್ಳೆಯದು ಎಂದು ನಮಗೆ ಅನ್ನಿಸುತ್ತದೆ. ಆದರೆ ಕಂಬ ಬಂಡೆಯಂತಾದರೆ ಹಡಗು ಒಡೆಯುತ್ತದೆ. ಅದು ತೈಲದ ಹಡಗಾದರೆ ಸಮುದ್ರವೇ ಕೆಡುತ್ತದೆ. ಅದಕ್ಕೇ ಜರ್ಮನಿಯಲ್ಲಿ ಬುನಾದಿಯನ್ನು ಹಡಗಿನ ಹೊಟ್ಟೆ ಸೀಳದ ಹಾಗೆ ರೂಪಿಸಿದ್ದಾರೆಯೇ ಎಂದೂ ಪರೀಕ್ಷಿಸುತ್ತಾರೆ. ಕಂಬ ಬಾಗಿದರೆ ಹಡಗು ಉಳಿಯಬಹುದು, ಆದರೆ ಮೇಲಿರುವ ನೂರಾರು ಟನ್ನಿನ ಯಂತ್ರದ ಪೆಟ್ಟಿಗೆ ಹಡಗಿನ ಮೇಲೇ ಬೀಳಬಾರದು. ಯಂತ್ರ ಉಳಿಯಬೇಕೋ, ಹಡಗು ಉಳಿಯಬೇಕೋ, ಹಡಗಿನೊಳಗಿನ ಜನ ಉಳಿಯಬೇಕೋ ಎಂಬ ಪ್ರಶ್ನೆಗೆ ಉತ್ತರವನ್ನು ನಕ್ಷೆ ಬರೆಯುವಾಗಲೇ ಕೊಡಬೇಕು. ಜನ ಮೊದಲು ಎಂಬುದರಲ್ಲಿ ಯಾರಿಗೂ ಎರಡು ಮಾತಿರಲಾರದು.

ಒಮ್ಮೆ ಎಣಿಸಿದರೆ ಸಾಲದು

2024ರ ಮಾರ್ಚ್ 26ರ ನಡುರಾತ್ರಿ ಅಮೆರಿಕದ ಬಾಲ್ಟಿಮೋರಿನಲ್ಲಿ 'ಡಾಲಿ' ಎಂಬ ಹಡಗು ವಿದ್ಯುತ್ ಕಳೆದುಕೊಂಡು ಕೀ ಸೇತುವೆಯ ಕಂಬಕ್ಕೆ ಗುದ್ದಿದ್ದನ್ನು ಟಿವಿಯಲ್ಲಿ ನಾವೆಲ್ಲ ಕಂಡಿದ್ದೇವೆ. ಹಡಗಿನ ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತೀಯರಾಗಿದ್ದರಿಂದ ಇಲ್ಲಿಯೂ ಸುದ್ದಿಯಾಗಿತ್ತು. ಸೇತುವೆ ಕೆಲವೇ ಸೆಕೆಂಡುಗಳಲ್ಲಿ ಕುಸಿಯಿತು. ಮೇಲೆ ರಸ್ತೆ ದುರಸ್ತಿ ಮಾಡುತ್ತಿದ್ದ ಆರು ಕೂಲಿಕಾರರು ಸತ್ತರು.

ಆ ಸೇತುವೆ ತೆರೆದದ್ದು 1977ರಲ್ಲಿ. 1980ರಲ್ಲಿ ಒಂದು ಹಡಗು ಅದಕ್ಕೆ ಗುದ್ದಿತ್ತು, ಆಗ ಸೇತುವೆ ತಾಳಿತು. ಡಾಲಿ ಆ ಹಡಗಿಗಿಂತ ಸುಮಾರು 10 ಪಟ್ಟು ದೊಡ್ಡದು. ಸೇತುವೆ ಇದ್ದಂತೆಯೇ ಇತ್ತು, ಹಡಗುಗಳು ಬೆಳೆದವು. 2025ರ ಮಾರ್ಚ್‌ನಲ್ಲಿ ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ಹೇಳಿದ್ದೇನೆಂದರೆ, ಮಹತ್ವದ ಸೇತುವೆಗಳಿಗೆ ಒಪ್ಪಿಗೆಯಾಗುವ ಮಿತಿಗಿಂತ ಈ ಸೇತುವೆಯ ಅಪಾಯ ಸುಮಾರು 30 ಪಟ್ಟು ಇತ್ತು. ಲೆಕ್ಕದ ವಿಧಾನ ಹಳೆಯದೇ, ಕೈಯಲ್ಲೇ ಇತ್ತು. ಬದಲಾದ ಹಡಗುಗಳಿಗೆ ಅದನ್ನು ಹಾಕಿ ನೋಡಿರಲಿಲ್ಲ. ಇನ್ನೂ 68 ಸೇತುವೆಗಳ ಲೆಕ್ಕ ಹಾಕಿ ಎಂದು ಮಂಡಳಿ ಸೂಚಿಸಿತು.

ಕಚೇರಿಯಲ್ಲಿ ಬದುಕು ಕಳೆದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಕಡತ ಕಪಾಟಿನಲ್ಲಿ ಹಾಗೇ ಇರುತ್ತದೆ, ಹೊರಗೆ ಜಗತ್ತು ಬದಲಾಗಿರುತ್ತದೆ. ಸಮುದ್ರದ ಗಾಳಿಯಂತ್ರಕ್ಕೆ ಪರವಾನಗಿ ಕೊಡುವಾಗ ಒಮ್ಮೆ ಅಪಾಯ ಎಣಿಸಿ ಮುಗಿಸದೆ, ಕೆಲವು ವರ್ಷಗಳಿಗೊಮ್ಮೆ ಮರಳಿ ಎಣಿಸುವ ಕರಾರನ್ನು ಅದೇ ಕಾಗದದಲ್ಲಿ ಬರೆಯಬೇಕು. ಪೀಪಾವಾವ್ ಬಂದರು ಬೆಳೆದರೆ ಹಡಗುಗಳೂ ಬೆಳೆಯುತ್ತವೆ.

ತಡೆಯುವ ಉಪಾಯಗಳೂ ಇವೆ. ಅಂತರರಾಷ್ಟ್ರೀಯ ಸಮುದ್ರ ಕಾನೂನಿನಂತೆ ಇಂಥ ಕಟ್ಟಡದ ಸುತ್ತ 500 ಮೀಟರ್ ತನಕ ಸುರಕ್ಷಾ ವಲಯ ಗೊತ್ತುಮಾಡಬಹುದು. ಯಂತ್ರಕ್ಕೆ ಹಳದಿ ಬಣ್ಣ, ದೀಪ, ಮಂಜಿನಲ್ಲಿ ಕೂಗುವ ಸೈರನ್ ಇರುತ್ತವೆ. ಆದರೆ ತೇಲಿಬರುವ ಹಡಗಿಗೆ ದೀಪ ಕಂಡರೂ ಕಾಣದಿದ್ದರೂ ಒಂದೇ. ಅದನ್ನು ಹಿಡಿದು ನಿಲ್ಲಿಸಲು ಹತ್ತಿರದಲ್ಲಿ ಬಲವಾದ ಟಗ್ ದೋಣಿ ಸಜ್ಜಾಗಿರಬೇಕು. ಬಂದರು ಸುಧಾರಣೆಯ 600 ಕೋಟಿಯ ಯೋಜನೆ ರೂಪಿಸುವಾಗ ಚಂಡಮಾರುತದ ದಿನಗಳಿಗೆ ಇಂಥ ಟಗ್ ದೋಣಿಯ ವ್ಯವಸ್ಥೆಯನ್ನೂ ಎಣಿಸಬೇಕೆಂದು ನಮ್ಮ ಅನಿಸಿಕೆ.

ನಮ್ಮ ಗುಡ್ಡದ ಯಂತ್ರಕ್ಕೆ ಈ ಲೆಕ್ಕ

ಈಗ ಜತ್ತಕ್ಕೆ ಮರಳೋಣ. ಇಲ್ಲಿ ಹಡಗು ಬರುವುದಿಲ್ಲ. ಆದರೆ ಯಂತ್ರದ ಬುಡದಲ್ಲಿ ಕುರಿ ಮೇಯುತ್ತವೆ, ಪಕ್ಕದಲ್ಲಿ ಜೋಳದ ಹೊಲವಿದೆ, ದಾರಿಯಿದೆ. ಸಮುದ್ರದಲ್ಲಿ ಯಂತ್ರಕ್ಕೆ ಹಡಗಿನ ಭಯ. ಇಲ್ಲಿ ಜನಕ್ಕೆ ಯಂತ್ರದ ಭಯ. ರೆಕ್ಕೆ ಮುರಿದು ಹಾರಬಹುದು, ಬೆಂಕಿ ಹತ್ತಬಹುದು, ಕಂಬವೇ ಬೀಳಬಹುದು. ಅಪರೂಪ, ಆದರೆ ಆಗದ ಮಾತಲ್ಲ. ಎರಡೂ ಕಡೆ ಮೊದಲ ಔಷಧ ಒಂದೇ, ದೂರ.

ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದಕ್ಕೊಂದು ಅಳತೆ ಇದೆ. ಸಾರ್ವಜನಿಕ ರಸ್ತೆ, ರೈಲು ಹಳಿ, ಕಟ್ಟಡಗಳಿಂದ ಯಂತ್ರ ಇರಬೇಕಾದ ದೂರ: ನೆಲದಿಂದ ರೆಕ್ಕೆಗಳ ನಡುವಿನ ಗುಂಬದ ತನಕದ ಎತ್ತರ, ಅದಕ್ಕೆ ರೆಕ್ಕೆಗಳು ಸುತ್ತುವ ವೃತ್ತದ ವ್ಯಾಸದ ಅರ್ಧ, ಅದಕ್ಕೆ ಇನ್ನೂ 5 ಮೀಟರ್. ಅಂದರೆ ಯಂತ್ರ ಉದ್ದಕ್ಕೆ ಬಿದ್ದರೂ ತುದಿ ರಸ್ತೆಗೆ ತಾಗಬಾರದು.

ಹಳೆಯ ಯಂತ್ರದ ಎತ್ತರ 65 ಮೀಟರ್, ವೃತ್ತದ ವ್ಯಾಸ 50 ಮೀಟರ್ ಎನ್ನಿ. 65, 25, 5 ಕೂಡಿ 95 ಮೀಟರ್ ಆಯಿತು. ರಸ್ತೆಯಿಂದ 100 ಮೀಟರ್ ದೂರದಲ್ಲಿದ್ದರೆ ನಿಯಮಕ್ಕೆ ಸರಿ. ಆದರೆ ಗಾಳಿಯಂತ್ರದ ಆಯುಷ್ಯ ಸಾಮಾನ್ಯವಾಗಿ 20–25 ವರ್ಷ. ಹಳೆಯವನ್ನು ತೆಗೆದು ದೊಡ್ಡವನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ನೀತಿ ಪ್ರಕಟಿಸಿದೆ. ಅದೇ ಜಾಗದಲ್ಲಿ 120 ಮೀಟರ್ ಎತ್ತರ, 140 ಮೀಟರ್ ವ್ಯಾಸದ ಯಂತ್ರ ಬಂದರೆ 120, 70, 5 ಕೂಡಿ 195 ಮೀಟರ್. 100 ಮೀಟರಿನ ಹಳೆಯ ದೂರ ಈಗ ಅರ್ಧಕ್ಕೆ ಬಂತು. ಬಾಲ್ಟಿಮೋರಿನಲ್ಲಿ ಹಡಗು ಬೆಳೆಯಿತು, ಇಲ್ಲಿ ಯಂತ್ರ ಬೆಳೆಯುತ್ತದೆ. ಮರಳಿ ಎಣಿಸುವ ಕೆಲಸ ಎರಡು ಕಡೆಗೂ ಒಂದೇ.

ಎಣಿಸಿದ್ದನ್ನು ಯಾರಿಗೆ, ಯಾವ ಭಾಷೆಯಲ್ಲಿ ಹೇಳುತ್ತಾರೆ ಎಂಬುದು ನಮ್ಮ ಸಂಘಕ್ಕೆ ನೇರವಾಗಿ ಸೇರಿದ ಪ್ರಶ್ನೆ. ಉಮದಿ, ಸಂಖ, ಗುಡ್ಡಾಪುರದ ಕಡೆಯ ಎಷ್ಟೋ ಮನೆಗಳಲ್ಲಿ ಮನೆಮಾತು ಕನ್ನಡ. 'ರೆಕ್ಕೆ ತಿರುಗುವಾಗ ಕೆಳಗೆ ನಿಲ್ಲಬೇಡಿ, ಬೆಂಕಿ ಕಂಡರೆ ಇಷ್ಟು ದೂರ ಓಡಿ, ಈ ನಂಬರಿಗೆ ಫೋನ್ ಮಾಡಿ' ಎಂಬ ಮಾತು ಕುರಿ ಕಾಯುವ ಅಜ್ಜನಿಗೆ ತಿಳಿಯದಿದ್ದರೆ ಆ ಫಲಕ ಯಾರಿಗಾಗಿ? ಜಿಲ್ಲೆ ಅಥವಾ ತಾಲ್ಲೂಕಿನ ಜನಸಂಖ್ಯೆಯಲ್ಲಿ ಶೇ 15 ಅಥವಾ ಹೆಚ್ಚು ಜನರ ಭಾಷೆಯಲ್ಲಿ ಮಹತ್ವದ ನಿಯಮ, ಸೂಚನೆಗಳನ್ನು ಪ್ರಕಟಿಸಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗಾಗಿ ಒಪ್ಪಿಕೊಂಡ ರಕ್ಷಣೆಗಳಲ್ಲೊಂದು. ಸಂವಿಧಾನದ 350ಬಿ ವಿಧಿಯಂತೆ ಇದನ್ನು ನೋಡಿಕೊಳ್ಳಲು ಕೇಂದ್ರದಲ್ಲಿ ವಿಶೇಷ ಅಧಿಕಾರಿಯೂ ಇದ್ದಾರೆ. ಮರಾಠಿಯ ಜಾಗ ಕಸಿಯಬೇಕೆಂಬ ಮಾತು ಇದರಲ್ಲಿಲ್ಲ. ಮರಾಠಿಯ ಕೆಳಗೆ ಕನ್ನಡದ ನಾಲ್ಕು ಸಾಲು ಸೇರಲಿ ಎಂಬುದಷ್ಟೇ. ಯಂತ್ರ ಬಿದ್ದರೆ ಅದು ಭಾಷೆ ಕೇಳಿ ಬೀಳುವುದಿಲ್ಲ.

ಒಟ್ಟು ನಮ್ಮ ಅಭಿಪ್ರಾಯ

ಗಾಳಿ ವಿದ್ಯುತ್ತಿಗೆ ನಾವು ವಿರೋಧಿಗಳಲ್ಲ. ಕಲ್ಲಿದ್ದಲಿನ ಹೊಗೆಗಿಂತ ಇದು ಮೇಲು. ಜಮೀನಿನ ಬಾಡಿಗೆ, ಕಾವಲು ಕೆಲಸ, ಐಟಿಐ ಕಲಿತ ಹುಡುಗರಿಗೆ ದುರಸ್ತಿ ಕೆಲಸ ಇದರಿಂದ ಬರುತ್ತವೆ. ಸಮುದ್ರದ ಕೇಂದ್ರಗಳು ಶುರುವಾದರೆ ಗುಡ್ಡದ ಯಂತ್ರಗಳಲ್ಲಿ ಕೈ ಪಳಗಿದವರಿಗೆ ಅಲ್ಲಿಂದಲೂ ಕರೆ ಬರಬಹುದು. ಬರಲಿ. ಹೋಗುವ ಹುಡುಗರು ದೋಣಿಯಿಂದ ಕಂಬಕ್ಕೆ ಕಾಲಿಡುವ ಮೊದಲು ಯಾವ ಗಾಳಿಗೆ ಕೆಲಸ ನಿಲ್ಲಿಸುತ್ತಾರೆ, ಚಂಡಮಾರುತದ ಸೂಚನೆ ಬಂದರೆ ಎಷ್ಟು ಗಂಟೆ ಮೊದಲು ದಡಕ್ಕೆ ಕರೆತರುತ್ತಾರೆ ಎಂದು ಕೇಳಿಕೊಂಡೇ ಸಹಿ ಮಾಡಲಿ. ಪಿ-305ರ ಪಾಠ ಅದು. ಮೂವತ್ತು ವರ್ಷಗಳ ಮೇಲಿನ ಯುರೋಪಿನ ಅನುಭವ ನೋಡಿದರೆ ಗಾಳಿಯಂತ್ರಕ್ಕೆ ದೊಡ್ಡ ಹಡಗು ಗುದ್ದಿದ್ದು ವಿರಳವೇ. ಆದರೆ ಅಲ್ಲಿ ವಿರಳವಾಗಿ ಉಳಿದಿರುವುದರಲ್ಲಿ ಮೊದಲೇ ಎಣಿಸಿದ್ದರ ಪಾಲು ಇದೆ.

ಮುಂದಿನ ಮಾಸಿಕ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಇಟ್ಟಿದ್ದೇವೆ. ತಮ್ಮ ಊರಿನ ಹತ್ತಿರ ಗಾಳಿಯಂತ್ರ ಇರುವ ಸದಸ್ಯರು ದಯವಿಟ್ಟು ನಾಲ್ಕು ಸಂಗತಿ ಬರೆದುಕೊಂಡು ಬರಬೇಕು: ಯಂತ್ರದಿಂದ ರಸ್ತೆಗೆ ಮತ್ತು ಹತ್ತಿರದ ಮನೆಗೆ ಎಷ್ಟು ಹೆಜ್ಜೆ, ಯಂತ್ರದ ಮೇಲೆ ಯಾವ ವರ್ಷ ಬರೆದಿದೆ, ಎಚ್ಚರಿಕೆಯ ಫಲಕ ಯಾವ ಭಾಷೆಯಲ್ಲಿದೆ, ತುರ್ತು ಫೋನ್ ನಂಬರ್ ಇದೆಯೋ ಇಲ್ಲವೋ. ಬೇಲಿಯೊಳಗೆ ಯಾರೂ ಹೋಗಬೇಡಿ, ಹೊರಗಿನಿಂದ ಕಂಡಷ್ಟು ಸಾಕು. ಈ ಮಾಹಿತಿ ಕೂಡಿಸಿ, ಮರಾಠಿ ಬಂಧುಗಳ ಸಹಿಯನ್ನೂ ಪಡೆದು, ಕನ್ನಡ ಮತ್ತು ಮರಾಠಿ ಎರಡರಲ್ಲೂ ಒಂದು ಮನವಿಯನ್ನು ತಹಶೀಲ್ದಾರರ ಕಚೇರಿಗೆ ಕೊಡುವ ವಿಚಾರವಿದೆ. ಗಾಳಿಯಂತ್ರಗಳಲ್ಲಿ ಕೆಲಸ ಮಾಡುವ ಮಕ್ಕಳಿದ್ದರೆ ಅವರನ್ನೂ ಸಭೆಗೆ ಕರೆತನ್ನಿ. ಅವರಿಂದ ನಮಗೆ ತಿಳಿಯಬೇಕಾದದ್ದು ಬಹಳ ಇದೆ.

– ಕಾರ್ಯದರ್ಶಿ, ಸಂಘದ ಪರವಾಗಿ